ಮಾವನವರ ಪತಂಗ, ನನ್ನ ಪತಂಗ

ಕನ್ನಡ ಬಾರದವರ ಜೊತೆ ನನಗೆ ಎಂದೂ ತೊಂದರೆಯಾಗಿಲ್ಲ; ಕೈಸನ್ನೆಯಲ್ಲೇ ಕೆಲಸ ಮುಗಿಯುತ್ತದೆ. ಫಜೀತಿಯೆಲ್ಲ ಕನ್ನಡದವರ ಜೊತೆಯೇ. ನಾನು ಮೈಸೂರು ಕಡೆಯವನು, ಆಗ ಲಿಂಗಸುಗೂರಿನಲ್ಲಿ ಜೀವಶಾಸ್ತ್ರದ ಮೇಷ್ಟರು. ಹೆಂಡತಿಯ ತವರು ಮಸ್ಕಿ ಹತ್ತಿರದ ಕೆರೆ ದಂಡೆಯ ಹಳ್ಳಿ. ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಗೆ ಅವಳು ಮೊದಲೇ ಹೋಗಿದ್ದಳು. ಹೊಸ ಕ್ಯಾಮರಾ ಕೊಂಡ ಹುರುಪಿನಲ್ಲಿ ನಾನು, "ಪತಂಗ ಹಿಡಿಯೋದಕ್ಕೆ ಬರ್ತಿದೀನಿ" ಎಂದು ಬಸ್ಸಿನ ಕಂಡಕ್ಟರ್ ಮೂಲಕ ಮಾವನವರಿಗೆ ಹೇಳಿ ಕಳಿಸಿದೆ. ದೀಪಕ್ಕೆ ಮುತ್ತುವ ಹುಳುವಿಗೆ ಪಠ್ಯಪುಸ್ತಕ ಕೊಟ್ಟ ಹೆಸರು ಅದು. ಆ ಸೀಮೆಯಲ್ಲಿ ಪತಂಗ ಅಂದರೆ ಗಾಳಿಪಟ ಎಂದು ಯಾವ ಪಠ್ಯಪುಸ್ತಕವೂ ನನಗೆ ಹೇಳಿರಲಿಲ್ಲ.

ಬಸ್ಸಿಳಿದರೆ ಕೆರೆ ಏರಿಯ ಮೇಲೆ ಅರ್ಧ ಊರೇ ನಿಂತಿತ್ತು. ಮಾವನವರ ಕೈಯಲ್ಲಿ ಸಿಂಧನೂರಿನಿಂದ ತರಿಸಿದ ಕೆಂಪು ಗಾಳಿಪಟ. "ನಮ್ಮ ಅಳಿಯಂದಿರು ಬಂದ್ರು ನೋಡ್ರೆಪಾ! ಪತಂಗದಾಗ ಭಾರಿ ಉಸ್ತಾದ್ ಅದಾರ!" ಎಂದು ಕೂಗಿದರು. ಮದುವೆಯಾದಂದಿನಿಂದ ಅವರು ನನ್ನೊಡನೆ "ಊಟ ಆತೇನ್ರಿ" ಎಂಬುದನ್ನು ಬಿಟ್ಟು ಬೇರೆ ಮಾತಾಡಿದವರಲ್ಲ. ಹೆಂಡತಿ ಪಕ್ಕಕ್ಕೆ ಬಂದು, "ಹುಳಾ ಹಿಡಿಯಾಕ ಬಂದೀನಿ ಅಂತ ಬಾಯಿ ಬಿಟ್ರಿ ಅಂದ್ರ, ಅಪ್ಪ ಮಂದ್ಯಾಗ ತಲಿ ಎತ್ತಂಗಿಲ್ಲ ನೋಡ್ರಿ" ಎಂದಳು. ಮಾವನವರ ಮುಖದ ಹಿಗ್ಗು ನೋಡಿ ದಾರ ಹಿಡಿದೆ. ಪಟ ನನ್ನ ತಲೆಯ ಎತ್ತರಕ್ಕೆ ಏರಿ, ನೇರ ಹೋಗಿ ಜಾಲಿಗಿಡಕ್ಕೆ ಸಿಕ್ಕಿ ಹರಿಯಿತು. "ಇವತ್ತು ಗಾಳಿನ ಇಲ್ಲ ಬಿಡ್ರಿ" ಎಂದು ಮಾವನವರೇ ತೀರ್ಪು ಕೊಟ್ಟರು. ಅವರ ಹಿಂದೆ ಬೇವಿನ ಮರ ತೂಗಾಡುತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲಲ್ಲಿ ಗುಟ್ಟಾಗಿ ಬಿಳಿ ಧೋತರ ಕಟ್ಟಿ, ಮುಂದೆ ಗ್ಯಾಸ್‌ಬತ್ತಿ ಇಟ್ಟೆ. ಹುಳುಗಳು ಬರತೊಡಗಿದವು, ಹಿಂದೆಯೇ ಮಾವನವರೂ ಬಂದರು. "ಭೇಷ್! ಪತಂಗ ರಿಪೇರಿಗೆ ಬೆಳಕ ಮಾಡೀರಿ" ಎಂದು ಧೋತರದ ಮುಂದೆಯೇ ಕೂತು, ಅನ್ನದ ಅಗುಳಿನಿಂದ ಹರಿದ ಪಟ ಅಂಟಿಸತೊಡಗಿದರು. ಆಗ ಅಂಗೈಯಗಲದ, ರೆಕ್ಕೆಯ ಮೇಲೆ ಕಣ್ಣಿನ ಗುರುತಿದ್ದ ಕಂದು ಪತಂಗವೊಂದು ಬಂದು ಆ ಪಟದ ಮೇಲೆಯೇ ಕೂತಿತು. ಉಸಿರು ಬಿಗಿಹಿಡಿದು ಕ್ಯಾಮರಾ ಎತ್ತಿದೆ. ಫೋಟೊ ತಮ್ಮದೆಂದು ತಿಳಿದ ಮಾವನವರು ರುಮಾಲು ಸರಿಮಾಡಿಕೊಂಡು, ಪಟ ಎದೆಗೊತ್ತಿ ಸೆಟೆದು ಕೂತರು. ನಾನು ಗುಂಡಿ ಒತ್ತಿದೆ, ಹುಳು ಹಾರಿತು.

ಆ ಫೋಟೊ ಇವತ್ತಿಗೂ ಅವರ ಪಡಸಾಲೆಯಲ್ಲಿ ಕಟ್ಟು ಹಾಕಿಸಿಕೊಂಡು ಕೂತಿದೆ. ಮಾವನವರು, ಕೆಂಪು ಪಟ ಸ್ಪಷ್ಟ. ಮೂಲೆಯಲ್ಲೊಂದು ಕಂದು ಕಲೆ. ಬಂದವರು ಕಲೆ ಏನೆಂದು ಕೇಳಿದರೆ ಮಾವನವರು ನನ್ನನ್ನು ಅಕ್ಕರೆಯಿಂದ ನೋಡಿ ಹೇಳುತ್ತಾರೆ: "ಅದಾ? ಯಾವುದೋ ಹುಳಾ ಅಡ್ಡ ಬಂದೈತಿ. ಪಾಪ, ನಮ್ಮ ಅಳಿಯಂದಿರಿಗೆ ಫೋಟೊ ಹೊಡಿಯಾಕ ಬರಂಗಿಲ್ರಿ. ಪತಂಗ ಅಷ್ಟ ಬರತೈತಿ."