ಡ್ರ್ಯಾಗನ್ ಬೇಟೆಗೆ ನಮ್ಮತ್ತೆ

ಇಪ್ಪತ್ತು ಮುಖದ ದಾಳ ಇಟ್ಕೊಂಡು, ಪಕ್ಕದಲ್ಲಿ ಅತ್ತೇನ ಕೂರಿಸ್ಕೊಂಡು ಕಥೆ ಆಟ ಆಡಿಸೋರ ಮನೇಲಿ ಏನಾದ್ರೊಂದು ಎಡವಟ್ಟು ಆಗ್ತಾನೇ ಇರುತ್ತೆ. ಏನೂ ಆಗದ ಭಾನುವಾರ ಬಂದ್ರೆ ನಾನು ಕ್ಯಾಲೆಂಡರ್ ನೋಡ್ಕೋತೀನಿ, ಇವತ್ತು ನಿಜವಾಗ್ಲೂ ಭಾನುವಾರಾನಾ ಅಂತ.

ಆಟ ಕಷ್ಟ ಏನಿಲ್ಲ. ನಾನು ಕಥೆ ಹೇಳ್ತೀನಿ: ಕಾಡು, ಕೋಟೆ, ರಾಕ್ಷಸರು. ಆಡೋರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ರಾಕ್ಷಸ ಬಂದ, ಏನ್ ಮಾಡ್ತೀರಾ ಅಂತ ನಾನು ಕೇಳಿದ್ರೆ, ಮಾಡೋದು ಹೇಳಿ ದಾಳ ಹಾಕ್ತಾರೆ. ದೊಡ್ಡ ಸಂಖ್ಯೆ ಬಿದ್ರೆ ಕೆಲಸ ಆಯ್ತು, ಚಿಕ್ಕದು ಬಿದ್ರೆ ಒದೆ. ಇಪ್ಪತ್ತೇ ಬಿದ್ರೆ ಕೇಳಿದ್ದು ಕೊಡ್ಲೇಬೇಕು, ನಾನೂ ತಪ್ಪಿಸ್ಕೊಳ್ಳೋ ಹಾಗಿಲ್ಲ. ಫೋನಲ್ಲಿ ಯಾರೋ ಆಡೋದು ನೋಡಿ ನನಗೆ ಈ ಹುಚ್ಚು ಹಿಡೀತು. ಬಾಶೆಟ್ಟಿಹಳ್ಳಿ ಫ್ಯಾಕ್ಟ್ರೀಲಿ ನನ್ನ ಪಕ್ಕದ ಟೇಬಲ್ಲಿನ ಗೆಳತಿಗೆ ಅಂಟಿಸಿದೆ. ಅವಳು ಬಿಲ್ಲುಗಾತಿ ಆದ್ಲು. ನಮ್ಮ ಯಜಮಾನ್ರು ಗಣಿತದ ಮೇಷ್ಟ್ರು, ಅವ್ರು ಮಂತ್ರವಾದಿ. ಬೆಟ್ಟದ ಗುಹೇಲಿರೋ ಡ್ರ್ಯಾಗನ್ನನ್ನ ಹೊಡೀಬೇಕು, ಅದೇ ಕಥೆ. ಒಂದೂವರೆ ವರ್ಷದಿಂದ ಪ್ರತಿ ಭಾನುವಾರ ನಡೀತಿದೆ.

ಹೋದ ತಿಂಗಳು ಗೆಳತಿಗೆ ಹೊಸೂರಿಗೆ ಟ್ರಾನ್ಸ್‌ಫರ್ ಆಯ್ತು. ಉಳಿದಿದ್ದು ಮೂರೇ ಭಾನುವಾರ. "ನಾನು ಹೋಗೋದ್ರೊಳಗೆ ಆ ಡ್ರ್ಯಾಗನ್ ಸಾಯ್ಬೇಕು ಕಣೇ. ಅರ್ಧ ಕಥೆ ಇಟ್ಕೊಂಡು ನಾನು ಹೋಗಲ್ಲ," ಅಂದ್ಲು. ನಾನು ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ. ಕೊಡೋವಾಗ ನಮ್ಮತ್ತೆ ವಿಷಯ ಮರ್ತೇಬಿಟ್ಟಿದ್ದೆ.

೧. ಕಾವಲಿಗೆ ಕೂತೋರು

ಅತ್ತೆ ಆಟಕ್ಕೆ ಸೇರಿದ್ದೇ ಆಟ ನಿಲ್ಲಿಸೋಕೆ. ಒಂದೂವರೆ ವರ್ಷದ ಹಿಂದೆ, ಮೊದಲನೇ ವಾರ, ದಾಳ ನೋಡಿದ್ದೇ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ್ರು.

"ಮರ್ಯಾದಸ್ಥರ ಮನೇಲಿ ಜೂಜಾ?"

"ಜೂಜಲ್ಲ ಅತ್ತೆ, ಕಥೆ."

"ಕಥೆಗೆ ದಾಳ ಯಾಕೆ? ನಾನೂ ಇಲ್ಲೇ ಕೂತಿರ್ತೀನಿ, ಅದೇನು ನಡೆಯುತ್ತೋ ನೋಡೇಬಿಡ್ತೀನಿ."

ಅವರೆಕಾಯಿ ಬುಟ್ಟಿ ತಂದು ಬಿಡಿಸ್ತಾ ಕೂತ್ರು. ಕಥೇಲಿ ಗೆಳತಿ ಎರಡು ಬಾಗಿಲ ಮುಂದೆ ನಿಂತಿದ್ಲು. ಒಂದರ ಹಿಂದೆ ಗುರ್ ಅಂತ ಸದ್ದು. ಅವಳು ಅದನ್ನೇ ತೆಗೀತೀನಿ ಅಂದಿದ್ದೇ ತಡ, ಅತ್ತೆ ಬುಟ್ಟಿ ಪಕ್ಕಕ್ಕೆ ತಳ್ಳಿ ಕೂಗಿದ್ರು, "ಲೇ ಹುಡುಗಿ, ಬೇಡ ಕಣೇ! ಒಳಗೇನೋ ಐತೆ!"

ಮುಂದಿನ ವಾರ ತಮಗೂ ಒಂದು ಪಾತ್ರ ಬೇಕು ಅಂದ್ರು. ಮಂತ್ರ ಬೇಡ, ಕತ್ತಿ ಬೇಡ, ಊರಿನ ಅಜ್ಜಿ ಸಾಕು. ಪಾತ್ರದ ಹಾಳೇಲಿ ಆಯುಧ ಅನ್ನೋ ಕಡೆ "ಕುಡುಗೋಲು" ಅಂತ ಬರೆಸಿದ್ರು. ಅವ್ರು ನೀರು ಕುಡಿಯೋಕೆ ಎದ್ದಾಗ ನಮ್ಮ ಯಜಮಾನ್ರು ಕೆಳಗೆ ಪೆನ್ಸಿಲಲ್ಲಿ ಇನ್ನೊಂದು ಆಯುಧ ಸೇರಿಸಿದ್ರು: "ಬಾಯಿ".

೨. ಸೆಕೆಂಡ್ ಶಿಫ್ಟಿನ ರಾಕ್ಷಸರು

ಮೂರರಲ್ಲಿ ಮೊದಲನೇ ಭಾನುವಾರ. ಬೆಟ್ಟಕ್ಕೆ ದಾರಿ ಕೋಟೆಯೊಳಗೆ. ಕೋಟೆ ಬಾಗಿಲಲ್ಲಿ ಎಂಟು ಜನ ಕಾವಲು ರಾಕ್ಷಸರು. ಈ ಯುದ್ಧಕ್ಕೆ ನಾನು ಎಷ್ಟು ತಯಾರಿ ಮಾಡಿದ್ದೆ ಗೊತ್ತಾ! ಒಬ್ಬೊಬ್ಬ ರಾಕ್ಷಸನಿಗೂ ಒಂದೊಂದು ಬಾಟಲಿ ಮುಚ್ಚಳಕ್ಕೆ ಬಣ್ಣ ಹಚ್ಚಿ ನಿಲ್ಲಿಸಿದ್ದೆ. ಯಜಮಾನ್ರು ಮದುವೆ ಕಾರ್ಡಿನ ಹಿಂದೆ ಲೆಕ್ಕ ಶುರು ಮಾಡಿದ್ರು, ಯಾವ ರಾಕ್ಷಸನ್ನ ಮೊದಲು ಹೊಡೆದ್ರೆ ಒಳ್ಳೇದು ಅಂತ.

ಗೆಳತಿ ತಲೆ ಎತ್ತಿದ್ಲು. "ಇವರು ಯಾವ ಶಿಫ್ಟು?"

"ಶಿಫ್ಟಾ?"

"ಅರೆ, ಇಡೀ ದಿನ ಇವರೇ ನಿಂತಿರ್ತಾರಾ? ಊಟ, ಟೀ ಏನೂ ಇಲ್ವಾ? ಎಂಥ ಕೋಟೆ ಇದು!"

ದಿನಾ ಕಾರ್ಡ್ ಪಂಚ್ ಮಾಡೋಳು ನಾನು. ಇಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ. "ಎರಡು ಗಂಟೆಗೆ ಬದಲಾಗ್ತಾರೆ," ಅಂದ್ಬಿಟ್ಟೆ.

ಅಷ್ಟೇ. ಶಿಫ್ಟ್ ಬದಲಾಗೋ ಹತ್ತು ನಿಮಿಷ ಗೇಟಲ್ಲಿ ಏನು ನಡೆಯುತ್ತೆ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಹೋಗೋರಿಗೆ ಬಸ್ಸಿನ ಅವಸರ, ಬರೋರಿಗೆ ಲೇಟಾಯ್ತು ಅನ್ನೋ ಅವಸರ. ಮೂವರೂ ಬರೋ ರಾಕ್ಷಸರ ಗುಂಪಲ್ಲಿ ಸೇರ್ಕೊಂಡು ಒಳಗೆ ನಡೆದ್ರು. ಕೊನೇ ಆಸೆಗೆ ಅಂತ ನಾನು ಒಬ್ಬ ರಾಕ್ಷಸನ ಕೈಲಿ ತಡೆಸಿದೆ. "ಏಯ್, ಐಡಿ ಕಾರ್ಡ್ ಎಲ್ಲಿ?"

ಗೆಳತಿ ದಾಳ ಕೂಡ ಮುಟ್ಟಲಿಲ್ಲ. "ಕಾಂಟ್ರ್ಯಾಕ್ಟ್," ಅಂದ್ಲು.

ರಾಕ್ಷಸ ಮುಖ ಕೂಡ ನೋಡದೆ ಬಿಟ್ಬಿಟ್ಟ. ನಮ್ಮ ಫ್ಯಾಕ್ಟ್ರಿ ಗೇಟಲ್ಲೂ ಹೀಗೇ, ಬೇರೆ ಏನು ಮಾಡಿಸಿದ್ರೂ ಸುಳ್ಳಾಗ್ತಿತ್ತು.

೩. ಗುಹೆ ಬಾಗಿಲಲ್ಲಿ ಒಂದೂವರೆ ಗಂಟೆ

ಎರಡನೇ ಭಾನುವಾರ. ಬೆಟ್ಟ ಹತ್ತಿದ್ರು, ಗುಹೆ ಬಾಗಿಲಿಗೆ ಬಂದ್ರು. ಒಳಗೆ ಡ್ರ್ಯಾಗನ್ ಉಸಿರಾಡೋ ಸದ್ದು ನಾನೇ ಮಾಡ್ದೆ, ಗಂಟಲು ಕೆರೆದು ಹೋಯ್ತು. ಇವತ್ತೇ ಮುಗಿದುಹೋಗುತ್ತೆ!

"ಒಳಗೆ ಹೋಗ್ತೀರಾ?"

ಅತ್ತೆ ಗೋಡೆ ಗಡಿಯಾರ ನೋಡಿದ್ರು. ನಾಲ್ಕೂ ಮೂವತ್ತೆರಡು.

"ಇಲ್ಲ. ರಾಹುಕಾಲ ಬಂತು."

"ಅತ್ತೆ, ಕಥೆಯೊಳಗೆ ಈಗ ಬೆಳಗಿನ ಜಾವ!"

"ಕಥೆಯೊಳಗೆ ಬೆಳಗಿನ ಜಾವ ಇರ್ಬಹುದಮ್ಮಾ. ದಾಳ ಹಾಕೋದು ಈಗ ತಾನೆ?"

ಯಜಮಾನ್ರ ಕಡೆ ನೋಡ್ದೆ. ಗಣಿತದ ಮೇಷ್ಟ್ರು, ಏನಾದ್ರೂ ಹೇಳ್ತಾರೆ ಅಂತ. ಅವ್ರು ಸ್ವಲ್ಪ ಯೋಚನೆ ಮಾಡಿ, "ಅಮ್ಮ ಹೇಳೋದ್ರಲ್ಲಿ ತಪ್ಪಿಲ್ಲ," ಅಂದ್ರು. ಮನೇಲಿ ಹೀಗೆ, ಸ್ಕೂಲಲ್ಲಿ ಹುಲಿ!

ಮೂರು ಜನ ವೀರರು ಗುಹೆ ಬಾಗಿಲಲ್ಲಿ ಕೂತು ಮೆಣಸಿನಕಾಯಿ ಬೋಂಡಾ ತಿಂದ್ರು. ಆರು ಗಂಟೆಗೆ ಗೆಳತಿ ಮನೆಗೆ ನೆಂಟರು ಬರೋರಿದ್ರು, ಅವಳು ಎದ್ದು ಹೋದ್ಲು. ಆರೂ ಐದಕ್ಕೆ ಅತ್ತೆ ಕುಡುಗೋಲು ಹಿಡಿದು ರೆಡಿ. "ಎಲ್ಲಿ ಹೋದ್ಲು ಆ ಹುಡುಗಿ? ಒಳ್ಳೇ ಟೈಮಲ್ಲಿ ಇರಲ್ಲ!"

೪. ಯಾವೂರಪ್ಪಾ ನಿಂದು?

ಕೊನೇ ಭಾನುವಾರ. ನಾಳೆ ಗೆಳತಿ ಹೊಸೂರಿಗೆ. ನಾನು ಹನ್ನೆರಡಕ್ಕೇ ಎಲ್ಲರಿಗೂ ಮುದ್ದೆ ಬಡಿಸಿ, ಒಂದು ಗಂಟೆಗೆ ಚಾಪೆ ಹಾಸಿದೆ. ರಾಹುವಿಗೂ ನಮಗೂ ನಡುವೆ ಮೂರೂವರೆ ಗಂಟೆ ಇತ್ತು.

ಗುಹೆಯೊಳಗೆ ಡ್ರ್ಯಾಗನ್ ಎದ್ದು ನಿಂತಿತು. ಯಜಮಾನ್ರ ಮಂತ್ರ ತಗುಲಿತು. ಗೆಳತಿಯ ಬಾಣ ರೆಕ್ಕೆಗೆ ನಾಟಿತು. ಅವಳಂತೂ ಚಾಪೆ ಮೇಲೆ ನಿಂತ್ಕೊಂಡಿದ್ಲು! ಇನ್ನೊಂದೇ ಒಂದು ಏಟು. ಸರದಿ ಅತ್ತೇದು.

"ಅಮ್ಮಾ, ಹೊಡೀರಿ ಅಮ್ಮಾ!" ಗೆಳತಿ ಕೂಗಿದ್ಲು.

"ಇರು ಹುಡುಗಿ. ಊರು ಕೇಳ್ದೆ ಯಾರ ಮೇಲೂ ಕೈ ಎತ್ತೋ ವಂಶ ಅಲ್ಲ ನಮ್ದು." ನನ್ನ ಕಡೆ ತಿರುಗಿದ್ರು. "ಯಾವೂರಪ್ಪಾ ನಿಂದು?"

ಹೇಳಿ ದಾಳ ಹಾಕಿದ್ರು. ಇಪ್ಪತ್ತು.

ಕೇಳಿದ್ದು ಕೊಡ್ಲೇಬೇಕು. ಡ್ರ್ಯಾಗನ್ ಯಾವೂರು ಅಂತ ಯಾವಳು ಯೋಚನೆ ಮಾಡಿಟ್ಟಿರ್ತಾಳೆ! ಬಾಯಿಗೆ ಬಂದಿದ್ದು ಹೇಳ್ದೆ, ದಪ್ಪ ದನೀಲಿ. "ಕುಂದಾಣ."

ಹೇಳಿದ ಮೇಲೆ ನೆನಪಾಯ್ತು, ಕುಂದಾಣ ಅತ್ತೆಯ ತವರು.

ಅತ್ತೆ ಮುಖ ಅರಳಿತು. "ಹೌದಾ! ನಿಮ್ಮಮ್ಮ ಎಲ್ಲಿಯೋಳು?"

ಬೆಳಗ್ಗೆ ನೋಡಿದ ಬಸ್ಸಿನ ಬೋರ್ಡು ಕಣ್ಮುಂದೆ ಬಂತು. "ದೊಡ್ಡಬೆಳವಂಗಲ."

"ನಮ್ಮಮ್ಮಂದೂ ಅದೇ ಊರು ಕಣೋ! ಹಾಗಾದ್ರೆ ನೀನು ನನಗೆ ತಮ್ಮ ಆಗ್ಬೇಕು!" ಕುಡುಗೋಲು ಪಕ್ಕಕ್ಕಿಟ್ರು. "ಯಾರೂ ಹೊಡೀಬೇಡ್ರೋ. ತವರಿನೋನು."

ಗೆಳತಿ ಕುಸಿದು ಕೂತ್ಲು. "ಯಾ ಅಲ್ಲಾ! ಒಂದೂವರೆ ವರ್ಷ ಅಮ್ಮಾ! ನಾಳೆ ನಾನು ಹೋಗ್ತಿದ್ದೀನಿ," ಅಂದ್ಲು. ನಗ್ತಾ ಶುರು ಮಾಡಿದೋಳು ಅಳ್ತಾ ಮುಗಿಸಿದ್ಲು. ಕೊಟ್ಟ ಮಾತು ಹೋಯ್ತು, ಅವಳೂ ಹೋಗ್ತಾಳೆ.

ಅತ್ತೆ ಸೆರಗಲ್ಲಿ ಅವಳ ಕಣ್ಣೊರೆಸಿದ್ರು. ಆಮೇಲೆ ನನಗೆ, ಅಂದ್ರೆ ಡ್ರ್ಯಾಗನ್‌ಗೆ, ಗಟ್ಟಿಯಾಗಿ ಹೇಳಿದ್ರು. "ತಮ್ಮಾ, ಇವಳು ನಾಳೆಯಿಂದ ಹೊಸೂರಲ್ಲಿರ್ತಾಳೆ. ರೆಕ್ಕೆಗೆ ಅರಿಶಿನ ಹಚ್ತೀನಿ, ವಾಸಿ ಆಗುತ್ತೆ. ಭಾನುವಾರ ಭಾನುವಾರ ನೀನೇ ಹೋಗಿ ಕರ್ಕೊಂಡು ಬರ್ಬೇಕು."

"ಅತ್ತೆ, ಅದಕ್ಕೆ ದಾಳ ಹಾಕ್ಬೇಕು."

"ತಮ್ಮನ ಹತ್ರ ದಾಳ ಹಾಕಿ ಕೇಳ್ತಾರೇನೇ?"

ಡ್ರ್ಯಾಗನ್ ಒಪ್ಪಿಕೊಂಡಿತು. ಏನ್ ಮಾಡ್ಲಿ!

ಮುಂದಿನ ಭಾನುವಾರ ಚಾಪೆ ಹಾಸ್ಕೊಂಡು ಕಾದ್ವಿ. ಮೂರಾಯ್ತು, ನಾಲ್ಕಾಯ್ತು, ಐದಾಯ್ತು. ಬರಲ್ಲ ಬಿಡಿ ಅಂತ ನಾನು ದಾಳ ಡಬ್ಬಿಗೆ ಹಾಕ್ದೆ. ಅತ್ತೆ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಆರೂ ಕಾಲಿಗೆ ಗೇಟ್ ಸದ್ದಾಯ್ತು. ಮೂರು ಬಸ್ ಬದಲಾಯಿಸಿ, ಕೂದಲೆಲ್ಲ ಧೂಳು ಮಾಡ್ಕೊಂಡು, ಬ್ಯಾಗ್ ಹೊತ್ಕೊಂಡು ಗೆಳತಿ ನಿಂತಿದ್ಲು. ಸೋಮವಾರ ಸೆಕೆಂಡ್ ಶಿಫ್ಟಂತೆ, ರಾತ್ರಿ ಇಲ್ಲೇ ಇರ್ತಾಳಂತೆ. ಖುಷಿಗೆ ನಾನು ಡಬ್ಬಿ ಸಮೇತ ಅವಳನ್ನ ತಬ್ಕೊಂಡುಬಿಟ್ಟೆ.

ಅತ್ತೆ ಮಾತ್ರ ಬಿಡಲಿಲ್ಲ. "ಯಾಕೆ ಇಷ್ಟೊತ್ತು?"

ಗೆಳತಿ ಬ್ಯಾಗ್ ಇಳಿಸಿ ಉಸಿರು ಬಿಟ್ಲು. "ನಾನೇನು ಮಾಡ್ಲಿ ಅಮ್ಮಾ. ರಾಹುಕಾಲ ಮುಗೀಲಿ ಅಂತ ನಿಮ್ಮ ತಮ್ಮ ದಾರೀಲಿ ಕೂತ್ಬಿಟ್ಟ."