ಮಾಸ್ತರರು ಬಿಚ್ಚದ ಕಾಗದ

ಕೈಗೆ ಕಾಗದ ಸಿಕ್ಕರೆ ಕೆಲವರು ಓದುತ್ತಾರೆ, ಕೆಲವರು ಬರೆಯುತ್ತಾರೆ. ನಮ್ಮ ಮನೆಯಲ್ಲಿ ಮಡಚುತ್ತಿದ್ದೆವು. ಅದರಲ್ಲೂ ನಾನು ಕೆಟ್ಟದಾಗಿ ಮಡಚುತ್ತಿದ್ದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಮಾಡಿದ ಕುದುರೆಯನ್ನು ನೋಡಿದವರು "ಆಡು ಚಲೋ ಆಗೇತಿ" ಎನ್ನುತ್ತಿದ್ದರು. ನಾನೂ ಹೌದೆನ್ನುತ್ತಿದ್ದೆ.

ಇದಕ್ಕೆಲ್ಲ ಕಾರಣ ನಮ್ಮಣ್ಣ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರಿಗೆ ಅವನ ಕಿರಾಣಿ ಅಂಗಡಿ, ಅದರ ಹಿಂದೆಯೇ ಮನೆ. ಉಳಿದ ಅಂಗಡಿಯವರು ಪೊಟ್ಟಣಕ್ಕೆ ದಾರ ಸುತ್ತಿ ಕೊಟ್ಟರೆ, ಅಣ್ಣ ಕಾಗದದ ಒಂದು ತುದಿಯನ್ನು ಇನ್ನೊಂದರ ಹೊಟ್ಟೆಯೊಳಗೆ ಸೇರಿಸಿ ಕೊಡುತ್ತಿದ್ದ. ಅದು ಚಕ್ಕಡಿಯಲ್ಲಿ ಅಬ್ಬಿಗೇರಿಯವರೆಗೆ ಕುಲುಕಿದರೂ ಒಂದು ಕಾಳು ಉದುರುತ್ತಿರಲಿಲ್ಲ. ಬಿಚ್ಚಲು ಬರದೆ ಪೊಟ್ಟಣವನ್ನು ತಿರುಗಿ ತಂದವರೂ ಇದ್ದರು. ಹರಿಯಿರಿ ಎಂದು ಅಣ್ಣ ಯಾರಿಗೂ ಹೇಳಲಿಲ್ಲ. ಕೂರಿಸಿಕೊಂಡು ಬಿಚ್ಚಲು ಕಲಿಸುತ್ತಿದ್ದ. ಅಷ್ಟರಲ್ಲಿ ಬೇರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಿದ್ದರು.

ಹೀಗೆ ತಿರುಗಿ ತಂದವರಲ್ಲಿ ಒಬ್ಬರು ನರಗುಂದದ ಡ್ರಾಯಿಂಗ್ ಮಾಸ್ತರರು. ಮೆಣಸಿನ ಪೊಟ್ಟಣ ಹಿಡಿದು ಬಂದವರು ಮೆಣಸನ್ನು ಅಂಗಡಿಯ ಕಟ್ಟೆಯ ಮೇಲೆಯೇ ಬಿಟ್ಟು ಮಡಿಕೆ ಕಲಿತು ಹೋದರು. ಆಮೇಲೆ ರೋಣದ ದರ್ಜಿ ಹುಸೇನಸಾಬರು ಸೇರಿದರು. ನಾನು ಮನೆಯವನೇ ಆದ್ದರಿಂದ ನನ್ನನ್ನು ಬಿಡುವಂತಿರಲಿಲ್ಲ. ನಮ್ಮ ಸಂಘದ ಇತಿಹಾಸ ಇಷ್ಟೇ. ಅಧ್ಯಕ್ಷರಿರಲಿಲ್ಲ, ಅದಕ್ಕೇ ಇರಬೇಕು, ಐದು ವರ್ಷ ಜಗಳವಿಲ್ಲದೆ ನಡೆಯಿತು. ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದಾಗ ಹಳೆಯ ಸರ್ಕಾರದ ಫಾರ್ಮುಗಳು ರದ್ದಿಯಾಗಿ ಅಂಗಡಿಗೆ ಬಂದವು. ನಾಡು ಒಂದಾಯಿತೆಂದು ಊರಿಗೆ ಸಂತೋಷ, ಕಾಗದ ದಪ್ಪವಿದೆ ಎಂದು ಅಣ್ಣನಿಗೆ ಸಂತೋಷ. ಜಪಾನಿನಲ್ಲೂ ಹೀಗೆ ಮಡಚುತ್ತಾರಂತೆ ಎಂದು ಮಾಸ್ತರರು ಹೇಳಿದಾಗ ಅಣ್ಣ ಕೇಳಿದ್ದು ಒಂದೇ: "ಅವ್ರಿಗೆ ಯಾರು ಕಲಿಸಿದ್ರಂತ?"

ನಿಯಮ ಎರಡೇ. ಕಾಗದ ಹರಿಯಬಾರದು. ಸಾವಿನ ಸುದ್ದಿ ಬಂದ ಕಾಗದವನ್ನು ಓದಿದ ಕೂಡಲೇ ಹರಿಯುವುದು ನಮ್ಮ ಕಡೆಯ ಪದ್ಧತಿ. ಅದೊಂದಕ್ಕೆ ಮಾತ್ರ ಮಾಫಿ. ಎರಡನೆಯದು, ನಮ್ಮೊಳಗಿನ ಪತ್ರಗಳಿಗೆ ಲಕೋಟೆಯಿಲ್ಲ, ಅಂಟಿಲ್ಲ. ಪತ್ರವನ್ನೇ ಮಡಚಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಪಡೆದವರು ಹೊರಗಿನಿಂದಲೇ ನೋಡಿ, ಬೇರೆ ಹಾಳೆಯನ್ನು ಹಾಗೆಯೇ ಮಡಚಿ ಗೆದ್ದ ಮೇಲೆ ಬಿಚ್ಚಿ ಓದುವುದು. ಒಮ್ಮೆ ಮಾಸ್ತರರು ತಮ್ಮ ಮಗಳ ಮದುವೆಯ ಕರೆಯನ್ನು ಆಮೆ ಮಾಡಿ ಕಳಿಸಿದರು. ಅಣ್ಣ ಆ ಆಮೆಯನ್ನು ಬಿಡಿಸುವ ಹೊತ್ತಿಗೆ ಬೀಗರು ಉಂಡು ಊರು ಸೇರಿದ್ದರು. ಹೊಸ ಸೀರೆ ತೆಗೆದಿಟ್ಟುಕೊಂಡಿದ್ದ ಅಣ್ಣನ ಹೆಂಡತಿ, ನಮ್ಮ ವೈನಿ, "ನಿಮ್ಮ ನಾಕೂ ಮಂದೀನ ಈ ಸೀರಿ ಹಾಂಗ ಘಡಿ ಮಾಡಿ ಪೆಟ್ಟಿಗ್ಯಾಗ ಇಡಬೇಕು ನೋಡ್ರಿ" ಎಂದಳು.

ನನ್ನ ಪತ್ರಗಳಿಂದ ಇಂಥ ತೊಂದರೆ ಇರಲಿಲ್ಲ. ಎಲ್ಲರೂ ನಿಂತಲ್ಲೇ ಬಿಚ್ಚುತ್ತಿದ್ದರು. ಕಂಡಕ್ಟರ್ ಕೂಡ ದಾರಿಯಲ್ಲಿ ಬಿಚ್ಚಿ ಓದಿ ತಿರುಗಿ ಮಡಚುತ್ತಿದ್ದ, ನನಗಿಂತ ನೀಟಾಗಿ. "ಒಂದ್ಸಲರೆ ಮಾಸ್ತರನ್ನ ಸೋಲಿಸೋ ತಮ್ಮಾ, ನಾ ಕಣ್ಣಿಲೆ ನೋಡ್ತೀನಿ" ಎಂದು ಅಣ್ಣ ಹೇಳುತ್ತಲೇ ಇದ್ದ.

ಹೋದ ಬೇಸಿಗೆಯಲ್ಲಿ ಅಣ್ಣ ತೀರಿಕೊಂಡ. ಮೂರು ದಿನದ ಜ್ವರ. ರೋಣಕ್ಕೊಂದು, ನರಗುಂದಕ್ಕೊಂದು, ಎರಡೆರಡು ಸಾಲು ಬರೆದು ಬೆಳಗಿನ ಬಸ್ಸುಗಳಿಗೆ ಕೊಟ್ಟೆ. ಕೊಡುವ ಮುಂಚೆ ಮಡಚಿದೆ. ಯಾಕೆಂದು ಹೇಳಲಾರೆ, ಕೈ ಅಷ್ಟನ್ನೇ ಕಲಿತಿತ್ತು. ರೋಣದ ಕಂಡಕ್ಟರ್ ಎಂದಿನಂತೆ ದಾರಿಯಲ್ಲೇ ಓದಿದ್ದ, ಹುಸೇನಸಾಬರು ಓಡಿ ಬಂದರು. ನರಗುಂದದ ಬಸ್ಸಿನ ಕಂಡಕ್ಟರ್ ಅಂದು ಹೊಸಬ, ಪ್ರಾಮಾಣಿಕ; ಪತ್ರ ಓದದೆ ಮುಟ್ಟಿಸಿದ್ದ. ಮಾಸ್ತರರಿಗಾಗಿ ಸಂಜೆಯವರೆಗೆ ಕಾದು ಮಣ್ಣು ಮಾಡಿದೆವು.

ಆರನೆಯ ದಿನ ಅಂಗಡಿಯ ಅರ್ಧ ಬಾಗಿಲು ತೆರೆದು ಕೂತಿದ್ದೆ. ಮಾಸ್ತರರು ಬಸ್ಸಿಳಿದು ನೇರ ಬಂದರು. ಮುಖದ ತುಂಬ ನಗು. ಕೈಯಲ್ಲಿ ನನ್ನ ಪತ್ರ, ಮಡಚಿದ್ದು ಮಡಚಿದಂತೆಯೇ ಇತ್ತು.

"ಶಾಬಾಸ್ ತಮ್ಮಾ! ಐದು ದಿನದಾಗ ಒಂದು ವಹಿ ಹಾಳಿ ಪೂರಾ ಕೆಡಿಸೀನಿ. ಈ ಮೂಲಿ ಒಳಗ ಹ್ಯಾಂಗ ಹೋತೋ? ಸೋತೆ, ಖರೇನ ಸೋತೆ. ನಿಮ್ಮಣ್ಣನ ಮುಂದನ ಬಿಚ್ಚೂಣಂತ ಬಂದೆ. ಎಲ್ಲದಾನ ಅಂವ?"

ಅವರ ಕೈಯ ಪತ್ರದ ಕಡೆ ಬೊಟ್ಟು ಮಾಡಿದೆ. "ಬಿಚ್ಚರಿ ಮಾಸ್ತರ" ಎಂದೆ.

"ಗೆದ್ದಾಂವ ನೀನು. ನೀನ ಬಿಚ್ಚು."

ಬಿಚ್ಚಲು ಹೋದೆ. ನನಗೂ ಬರಲಿಲ್ಲ. ಅಂದು ನಡುಗುವ ಕೈಯಿಂದ ಯಾವುದೋ ಮೂಲೆಯನ್ನು ಯಾವುದೋ ಸಂದಿಗೆ ತುರುಕಿದ್ದೆ. ಇಬ್ಬರೂ ಅದರ ಮೇಲೆ ಬಗ್ಗಿ ಕೂತೆವು. ಮಾಸ್ತರರು ಉತ್ಸಾಹದಿಂದ "ಹಗೂರಕ, ಹಗೂರಕ" ಎನ್ನುತ್ತಿದ್ದರು. ನಾನು ಹಗುರವಾಗಿಯೇ ಎಳೆಯುತ್ತಿದ್ದೆ.

ಒಳಗಿನ ಬಾಗಿಲಲ್ಲಿ ವೈನಿ ಬಂದು ನಿಂತಿದ್ದಳು. "ಅದು ಹರಿಯೂ ಕಾಗದ ಐತ್ರಿ, ಮಾಸ್ತರ" ಎಂದಳು.

ಮಾಸ್ತರರು ತಲೆಯೆತ್ತಿ ಅವಳ ಬಳೆಯಿಲ್ಲದ ಬರಿಗೈ ನೋಡಿದರು. ಮೆಣಸು ಬಿಟ್ಟುಹೋಗಿದ್ದ ಆ ಕಟ್ಟೆಯ ಮೇಲೆಯೇ ಕೂತುಬಿಟ್ಟರು. ಹರಿಯಲು ಅವರಿಂದಲೂ ಆಗಲಿಲ್ಲ, ನನ್ನಿಂದಲೂ ಆಗಲಿಲ್ಲ. ಕೊನೆಗೆ ವೈನಿಯೇ ಅದನ್ನು ತೆಗೆದುಕೊಂಡು ನಾಲ್ಕು ತುಂಡು ಮಾಡಿ ಒಲೆಗೆ ಒಯ್ದಳು.

ಈಗ ನಾನು ಏನು ಬರೆದರೂ ಅಂಚೆ ಕಾರ್ಡಿನ ಮೇಲೆ ಬರೆಯುತ್ತೇನೆ. ಮಾಸ್ತರರು ಸಂತೆಯ ದಿನ ಬಂದು, "ಆ ಘಡಿ ಒಂದ್ಸಲ ಮಾಡಿ ತೋರಿಸು" ಎನ್ನುತ್ತಾರೆ. ಮುಂಬಯಿ ಸರ್ಕಾರದ ಫಾರ್ಮುಗಳು ಇನ್ನೂ ಉಳಿದಿವೆ, ಕೂತು ಮಡಚುತ್ತೇನೆ. ಕೈ ಈಗ ನಡುಗುವುದಿಲ್ಲ. ಪ್ರತಿ ಸಲವೂ ಮೂಲೆ ಸರಿಯಾದ ಸಂದಿಗೇ ಹೋಗುತ್ತದೆ. ಮಾಸ್ತರರು ನಿಂತಲ್ಲೇ ಬಿಚ್ಚುತ್ತಾರೆ.