ಸೋರಿಕೆಯಿಂದ ಪಾರಾದ ತಂಬೂರಿ

ನಾದದಲ್ಲಿ ನೆಲೆಸಿದ ತಾಯಿಗೆ ಶರಣು. ಕೇಳಲು ಕಿವಿ, ಸಹಿಸಲು ಮನಸ್ಸು ಕೊಟ್ಟವಳಿಗೆ ಮತ್ತೊಮ್ಮೆ ಶರಣು.

ವಡೋದರಾದ ಅಲ್ಕಾಪುರಿ ಕನ್ನಡ ಭಜನಾ ಮಂಡಳಿಯ ತಂಬೂರಿಗೆ ಕಳೆದ ಯುಗಾದಿಯಿಂದ ಸೆನ್ಸರುಗಳಿವೆ, ಇನ್‌ಸ್ಟಾಗ್ರಾಮಿನಲ್ಲಿ ಖಾತೆಯಿದೆ, ಸ್ವಂತ ಅಭಿಪ್ರಾಯವಿದೆ. ತಂಬೂರಿ ಮಂಡಳಿಯ ಗಾಯಕಿ ರತ್ನಮ್ಮನವರ ಅತ್ತೆಯದು. ಗಂಡನಿಗೆ ರೈಲ್ವೆಯಲ್ಲಿ ವರ್ಗವಾದಾಗ ಧಾರವಾಡದಿಂದ ರತ್ನಮ್ಮನವರು ತೊಡೆಯ ಮೇಲೆ ಮಲಗಿಸಿಕೊಂಡು ತಂದದ್ದು. ಅದನ್ನು ಮೀಟದೆ ಆಕೆಗೆ ಹಾಡು ಹೊರಡದು.

ಸೆನ್ಸರು ಕೂಡಿಸಿದವನು ಬಾಡಿಗೆ ಫ್ಲ್ಯಾಟಿನ ಹುಡುಗ ಮಂಥನ್. ನಿಯಮ ಬರೆದವರು ಮಂಡಳಿಯ ಅಧ್ಯಕ್ಷ ಸಿದ್ದಲಿಂಗಪ್ಪನವರು. ಕೊಯಾಲಿ ಕಡೆಯ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿ ನಿವೃತ್ತರಾದವರು. ಅವರ ನಿಯಮ: ಬಿಸಿಯಾದರೆ ಬೆಂಕಿ, ತೇವವಾದರೆ ಸೋರಿಕೆ. ಉಳಿದದ್ದನ್ನು ತಂಬೂರಿ ತಾನೇ ತಿಳಿದು ಬರೆಯತಕ್ಕದ್ದು.

ಶುಕ್ರವಾರ ರತ್ನಮ್ಮನವರು ಕೈಕಾಲು ತೊಳೆದು, ಮಡಿಯಲ್ಲಿ ಬಂದು, ಹಸಿ ಕೈಯಲ್ಲೇ ತಂತಿ ಮುಟ್ಟಿದರು. ತಕ್ಷಣ ತಂಬೂರಿ ಪ್ರಕಟಿಸಿತು: "ಸೋರಿಕೆ ಪತ್ತೆಯಾಗಿದೆ. ನಾನು ಅಪಾಯದಲ್ಲಿದ್ದೇನೆ. ಎಲ್ಲರೂ ಗಾಳಿಗೆ ಅಡ್ಡವಾಗಿ ನಡೆದು ಅಂಗಳದಲ್ಲಿ ಸೇರತಕ್ಕದ್ದು."

ಎಲ್ಲರೂ ಸೇರಿದರು. ಭೋಪಾಲಿನಿಂದ ಒಬ್ಬರು ಪೋಸ್ಟಿನ ಕೆಳಗೆ "ಧೈರ್ಯವಾಗಿರು ಸಿಸ್ಟರ್" ಎಂದು ಬರೆದರು.

"ಕೈ ಒರಸ್ಕೊಂಡು ಮುಟ್ರಿ ಅಮ್ಮಾರ," ಎಂದರು ಸಿದ್ದಲಿಂಗಪ್ಪನವರು, ಹೆಗಲ ಟವೆಲು ಚಾಚಿ.

"ಆ ಟವೆಲ್ ಮುಟ್ಟಿದ್ರ ಮಡಿ ಎಲ್ಲಿ ಉಳೀತದ್ರಿ?"

"ಹಂಗಾರ ಹಸಿ ಕೈಲೆ ಮುಟ್ಟಾಕ ಪರ್ಮಿಟ್ ತಗೋರಿ."

"ಯಾರ ಕೊಡ್ತಾರ?"

"ಆಕೀನ." ತಂಬೂರಿಯತ್ತ ಕೈ ತೋರಿಸಿದರು.

ಮಂಥನ್ ತಂಬೂರಿಯ ಖಾತೆ ತೆರೆದ ಫೋನನ್ನು ರತ್ನಮ್ಮನವರ ಮುಂದೆ ಹಿಡಿದ. "ನಿಧಾನಕ್ಕೆ ಕೇಳಿ ಆಂಟಿ, ಅವಳ ಮೂಡ್ ಸರಿಯಿಲ್ಲ."

"ಒಂದ ಹಾಡು, ತಾಯಿ," ಎಂದರು ರತ್ನಮ್ಮ, ಅತ್ತೆಯನ್ನು ಕೇಳುತ್ತಿದ್ದ ದನಿಯಲ್ಲೇ.

ಉತ್ತರ ಬಂತು: "ತಮ್ಮ ಮನವಿ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಸಮೀಪದಲ್ಲಿ ಹಾಡುವುದನ್ನು ಅನಧಿಕೃತ ಕಂಪನವೆಂದು ಪರಿಗಣಿಸಲಾಗುವುದು."

ಜನ ಮರುಗಿದರು, ತಂಬೂರಿಗಾಗಿ. ಹಿಂಬಾಲಕರು ಹೆಚ್ಚಿದರು. ಸೂರತ್ತಿನ ಸೀರೆ ಅಂಗಡಿಯೊಂದು ತನ್ನ ಹೆಸರು ನೇಯಿಸಿದ ಜರಿಯ ಹೊದಿಕೆಯನ್ನು ತಂಬೂರಿಗೆ ಕಳಿಸಿತು. ಮಂಡಳಿಯ ಸಮಿತಿಯವರ ಮನೆಗಳಿಗೂ ಒಂದೊಂದು ಸೀರೆ ಬಂತು. ಅದನ್ನು ಪ್ರಸಾದವೆಂದು ಸ್ವೀಕರಿಸಲಾಯಿತು. ಬಳಿಕ ಸಮಿತಿಯ ಪ್ರಕಟಣೆ ಹೊರಟಿತು: "ತಂಬೂರಿಯ ಹಿತದೃಷ್ಟಿಯಿಂದ ಇನ್ನು ಮುಂದೆ ಭಜನೆಯನ್ನು ಮೌನವಾಗಿ ನಡೆಸತಕ್ಕದ್ದು."

ಮುಂದಿನ ಶುಕ್ರವಾರ ತಂಬೂರಿಯೆದುರು ರತ್ನಮ್ಮನವರ ತುಟಿ ಅಲುಗಿತು, ದನಿ ಹೊರಡಲಿಲ್ಲ. "ಇಂದು ಯಾವ ಅಪಘಾತವೂ ಸಂಭವಿಸಿಲ್ಲ," ಎಂದು ತಂಬೂರಿ ಬರೆಯಿತು. ಚಪ್ಪಾಳೆ ಬಿತ್ತು. ಅಧ್ಯಕ್ಷರು ರತ್ನಮ್ಮನವರಿಗೆ ಶಾಲು ಹೊದಿಸಿ, ವರ್ಷದ ಶ್ರೇಷ್ಠ ಗಾಯಕಿ ಎಂದು ಸಾರಿದರು.

"ಹಾಡದಿದ್ದದ್ದಕ್ಕೇನ್ರಿ?"

"ಹೌದ್ರಿ. ಇಷ್ಟ ಚಂದ ಇಲ್ಲಿತನಾ ಯಾರೂ ಹಾಡದೆ ಕೂತಿಲ್ಲ."

ರತ್ನಮ್ಮನವರು ಶಾಲು ಸರಿಪಡಿಸಿಕೊಂಡು, ಫೋಟೊಗೆ ನಿಂತರು.

ಕೇಳಿದ ನಿಮಗೆಲ್ಲ ಆ ತಾಯಿ ಒಳ್ಳೆಯ ಕಂಠ ಕೊಡಲಿ. ಅದು ಯಾವ ಸಮಿತಿಯ ಕಣ್ಣಿಗೂ ಬೀಳದಂತೆ ಕಾಯಲಿ.